ಕಥೋಲಿಕ ಭಕ್ತಿಯಲ್ಲಿ ಪ್ರತಿಮೆ ಮತ್ತು ಸಂಕೇತ: ಪುಣೆಯಿಂದ ಕನ್ನಡ ನಾಡಿನವರೆಗೆ

ಕಥೋಲಿಕ ಕ್ರೈಸ್ತರ ಪೂಜೆ, ಪ್ರಾರ್ಥನೆ, ಹಬ್ಬ ಮತ್ತು ಮನೆಬಾಳಿನಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳಿಗೆ ದೊಡ್ಡ ಸ್ಥಾನವಿದೆ. ಶಿಲುಬೆ, ಸಂತರ ಸ್ವರೂಪಗಳು, ಗೋಡೆಯ ಚಿತ್ರಗಳು, ಜಪಮಾಲೆ, ಪದಕ, ಮೇಣದ ಬತ್ತಿ, ಪವಿತ್ರ ಜಲ, ಎಣ್ಣೆ, ಬೂದಿ, ಗರಿ ಎಲ್ಲವೂ ಈ ಭಕ್ತಿಯ ಅಂಗಗಳು. ಇವುಗಳ ಅರ್ಥವನ್ನು ಧರ್ಮಸಭೆಯ ಪರಿಷತ್ತುಗಳು ಬರೆದಿಟ್ಟಿವೆ. ಆದರೆ ಒಂದು ಪ್ರತಿಮೆ ಒಂದು ಊರಿನದಾಗುವುದು ಬರಹದಿಂದಲ್ಲ, ಆ ಊರಿನ ಜನ ಅದನ್ನು ಉಡಿಸುವ, ಹೊರುವ, ಮುಟ್ಟುವ, ಅದಕ್ಕೆ ಹರಕೆ ಒಪ್ಪಿಸುವ ಬಗೆಯಿಂದ. ಪುಣೆಯಿಂದ ಮೈಸೂರಿನವರೆಗಿನ ಕಥೋಲಿಕ ನೆಲೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಪುಣೆಯನ್ನೂ ಕನ್ನಡ ನಾಡನ್ನೂ ಜೊತೆಗಿಟ್ಟು ನೋಡಲು ಕಾರಣವಿದೆ. ಪುಣೆಯ ಸ್ವಾರಗೇಟ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಡುವ ಬಸ್ಸುಗಳು ಹಿಡಿಯುವ ಬೆಳಗಾವಿ, ಹುಬ್ಬಳ್ಳಿಯ ದಾರಿಯೇ ಒಂದು ಕಾಲಕ್ಕೆ ಧರ್ಮಾಡಳಿತದ ದಾರಿಯೂ ಆಗಿತ್ತು. 1886ರಲ್ಲಿ ರಚನೆಯಾದ ಪುಣೆ ಧರ್ಮಪ್ರಾಂತ್ಯದ ಆಡಳಿತಕ್ಕೆ ಉತ್ತರ ಕರ್ನಾಟಕದ ಹಲವು ಭಾಗಗಳು ಸೇರಿದ್ದವು. ಬೆಳಗಾವಿಗೆ ತನ್ನದೇ ಧರ್ಮಪ್ರಾಂತ್ಯ ಬಂದದ್ದು 1953ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1955ರಲ್ಲಿ, ಶ್ರೀಲಂಕಾದ ಕ್ಯಾಂಡಿಯಲ್ಲಿದ್ದ ಪಾಪಲ್ ಸೆಮಿನರಿ ಪುಣೆಗೆ ಬಂತು. ಅಂದಿನಿಂದ ದೇಶದ ನಾನಾ ಭಾಗಗಳ ಗುರುಗಳಿಗೆ ಈ ನಗರ ವಿದ್ಯಾಕೇಂದ್ರವಾಗಿದೆ.

ಬೋಧನೆ

ಬೈಬಲಿನ ವಿಮೋಚನಾಕಾಂಡ ಕೆತ್ತಿದ ವಿಗ್ರಹಗಳನ್ನು ನಿಷೇಧಿಸುತ್ತದೆ. ಅದೇ ಗ್ರಂಥದಲ್ಲಿ ಒಡಂಬಡಿಕೆಯ ಪೆಟ್ಟಿಗೆಯ ಮೇಲೆ ಕೆರೂಬಿಗಳನ್ನು ಮಾಡಿಡಲು ಆಜ್ಞೆಯಿದೆ. ಮರುಭೂಮಿಯಲ್ಲಿ ಮೋಶೆ ಕಂಬಕ್ಕೇರಿಸಿದ ಕಂಚಿನ ಸರ್ಪದ ಕಥೆ ಸಂಖ್ಯಾಕಾಂಡದಲ್ಲಿದೆ. ಈ ನಿಷೇಧ ಮತ್ತು ಆಜ್ಞೆಗಳ ನಡುವಿನ ಎಳೆದಾಟ ಎಂಟನೇ ಶತಮಾನದಲ್ಲಿ ಬಿಜಾಂಟಿಯಂ ಸಾಮ್ರಾಜ್ಯವನ್ನೇ ಒಡೆಯಿತು. ಚಕ್ರವರ್ತಿ ಮೂರನೇ ಲಿಯೋ ಚಿತ್ರಗಳನ್ನು ತೆಗೆಸಿದಾಗ ಅದನ್ನು ಗಟ್ಟಿಯಾಗಿ ವಿರೋಧಿಸಿದವನು ದಮಾಸ್ಕಸಿನ ಯೊವಾನ್ನ. ಅವನ ವಾದ ಇಷ್ಟು: ಕಾಣದ ದೇವರನ್ನು ಚಿತ್ರಿಸಲಾಗದು ನಿಜ, ಆದರೆ ಆ ದೇವರು ಯೇಸುವಿನಲ್ಲಿ ಮನುಷ್ಯನಾಗಿ, ಮುಖವುಳ್ಳವನಾಗಿ ಬಂದನಲ್ಲ, ಆ ಮುಖವನ್ನು ಬಿಡಿಸಬಹುದು. 787ರ ಎರಡನೇ ನಿಸಿಯ ಪರಿಷತ್ತು ಈ ವಾದವನ್ನು ಎತ್ತಿಹಿಡಿದು, ಚಿತ್ರಕ್ಕೆ ಸಲ್ಲುವ ಗೌರವ ಆ ಚಿತ್ರದಲ್ಲಿರುವ ವ್ಯಕ್ತಿಗೆ ಮುಟ್ಟುತ್ತದೆ ಎಂದು ತೀರ್ಮಾನಿಸಿತು. ಪ್ರಾಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ ಚರ್ಚೆ ಮತ್ತೆ ಎದ್ದಾಗ, ಟ್ರೆಂಟ್ ಪರಿಷತ್ತು 1563ರ ಡಿಸೆಂಬರಿನಲ್ಲಿ ಅದನ್ನೇ ಪುನರುಚ್ಚರಿಸಿ ಒಂದು ಎಚ್ಚರಿಕೆ ಸೇರಿಸಿತು: ಪ್ರತಿಮೆಯಲ್ಲಿ ದೈವತ್ವವಾಗಲಿ ಶಕ್ತಿಯಾಗಲಿ ನೆಲೆಸಿದೆಯೆಂದು ನಂಬಬಾರದು.

ದೇವಸ್ಥಾನದ ಪರಂಪರೆಯನ್ನು ಬಲ್ಲ ಓದುಗರು ಇಲ್ಲಿ ತುಸು ನಿಲ್ಲಬೇಕು. ಕಥೋಲಿಕ ಪ್ರತಿಮೆಗೆ ಆಶೀರ್ವಾದವಿದೆ, ಪ್ರಾಣಪ್ರತಿಷ್ಠೆ ಇಲ್ಲ. ಯೇಸುವಿನ ನಿಜ ಸಾನ್ನಿಧ್ಯ ಇರುವುದು ಪರಮಪ್ರಸಾದದಲ್ಲಿ ಎಂಬುದು ಸಭೆಯ ನಂಬಿಕೆ. ಪರಮಪ್ರಸಾದದ ಪೆಟ್ಟಿಗೆಯ ಬಳಿ ನಂದಾದೀಪ ಉರಿಯುವುದು, ಅದರ ಮುಂದೆ ಹಾಯುವವರು ಮೊಣಕಾಲೂರುವುದು ಅದಕ್ಕಾಗಿಯೇ. ಸಂತರ ಸ್ವರೂಪದ ಮುಂದೆ ತಲೆಬಾಗುವುದು ಬೇರೆ ಮಟ್ಟದ ಗೌರವ. ಆರಾಧನೆ ದೇವರೊಬ್ಬರಿಗೆ, ವಂದನೆ ಸಂತರಿಗೆ, ಇವೆರಡರ ನಡುವಿನ ವಿಶೇಷ ವಂದನೆ ಮಾತೆ ಮರಿಯಮ್ಮನಿಗೆ ಎಂದು ದೇವಶಾಸ್ತ್ರಜ್ಞರು ವಿಂಗಡಿಸುತ್ತಾರೆ. ಹರಕೆ ಹೊತ್ತು ಬಂದ ತಾಯಿಯೊಬ್ಬಳು ಈ ಗೆರೆಗಳನ್ನು ಎಣಿಸುತ್ತ ನಿಲ್ಲುವುದಿಲ್ಲ. ಆದರೂ ಅವಳ ಮೊರೆಯ ಧಾಟಿಯಲ್ಲಿ ಆ ವಿಂಗಡಣೆ ಇದೆ: ಸಂತರನ್ನು ಕರೆಯುವಾಗ ಅವಳು ಕೇಳುವುದು "ನಮಗಾಗಿ ಪ್ರಾರ್ಥಿಸು" ಎಂದೇ.

ಮಂಗಳೂರಿನಲ್ಲಿ ಈ ಚರ್ಚೆಯ ಎರಡೂ ಮಗ್ಗುಲುಗಳನ್ನು ಕಟ್ಟಡಗಳಲ್ಲೇ ಓದಬಹುದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಕಟ್ಟಿದ ಪ್ರಾರ್ಥನಾಮಂದಿರಗಳ ಗೋಡೆಗಳು ಸರಳ. ಅಲ್ಲಿ ದೇವರ ವಾಕ್ಯಕ್ಕೇ ಪ್ರಾಧಾನ್ಯ. ಅದೇ ಊರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಚಿತ್ರವಿಲ್ಲದ ಜಾಗವೇ ಕಡಿಮೆ.

ಸ್ವಾರಗೇಟದ ನೆರೆಯ ಚರ್ಚು

ಸ್ವಾರಗೇಟದಿಂದ ಈಶಾನ್ಯಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ, ನಾನಾ ಪೇಠದ ಕ್ವಾರ್ಟರ್ ಗೇಟ್ ಬಳಿ, ಜನ ಸಿಟಿ ಚರ್ಚ್ ಎಂದು ಕರೆಯುವ ಅಮಲೋದ್ಭವ ಮಾತೆಯ ದೇವಾಲಯವಿದೆ. ಮರಾಠಾ ಸೈನ್ಯದಲ್ಲಿದ್ದ ಗೋವಾ ಮತ್ತು ಪೋರ್ಚುಗೀಸ್ ಮೂಲದ ಕ್ರೈಸ್ತರಿಗಾಗಿ ಪೇಶ್ವೆ ಸವಾಯಿ ಮಾಧವರಾಯ ಕೊಟ್ಟ ಜಾಗದಲ್ಲಿ 1792ರಲ್ಲಿ ಇದು ಆರಂಭವಾಯಿತು. ಈಗಿನ ಕಟ್ಟಡ 1852ರದು. ಪುಣೆಯ ಅತಿ ಹಳೆಯ ಚರ್ಚು ಇದು. ಪೇಶ್ವೆಗಳ ರಾಜಧಾನಿಯಲ್ಲಿ, ಅವರದೇ ದಾನದ ನೆಲದಲ್ಲಿ ಇದು ನಿಂತಿತೆಂಬುದನ್ನು ಮರೆಯಬಾರದು.

ಅಮಲೋದ್ಭವ ಮಾತೆಯ ರೂಪವನ್ನು ಗುರುತಿಸುವುದು ಸುಲಭ. ಕಾಲಡಿಯಲ್ಲಿ ಬಾಲಚಂದ್ರ, ತಲೆಯ ಸುತ್ತ ಹನ್ನೆರಡು ನಕ್ಷತ್ರ, ನೀಲಿ ಮೇಲುಹೊದಿಕೆ, ಹಲವು ಕಡೆ ಪಾದದಡಿ ಸಿಕ್ಕ ಸರ್ಪ. ಚಂದ್ರ ನಕ್ಷತ್ರಗಳು ಬಂದದ್ದು ಪ್ರಕಟನಾ ಗ್ರಂಥದ ಹನ್ನೆರಡನೇ ಅಧ್ಯಾಯದಿಂದ, ಸರ್ಪ ಬಂದದ್ದು ಆದಿಕಾಂಡದಿಂದ. ಮರಿಯಮ್ಮ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಪಾಪದ ಕಲೆಯಿಲ್ಲದವಳು ಎಂಬ ಈ ನಂಬಿಕೆಯನ್ನು ಒಂಬತ್ತನೇ ಪಿಯುಸ್ ಧರ್ಮಸಿದ್ಧಾಂತವೆಂದು ಘೋಷಿಸಿದ್ದು 1854ರಲ್ಲಿ, ಅಂದರೆ ಸಿಟಿ ಚರ್ಚಿನ ಈಗಿನ ಕಟ್ಟಡ ಎದ್ದ ಎರಡು ವರ್ಷದ ಮೇಲೆ. ಪೋರ್ಚುಗಲ್ಲಿನ ದೊರೆ ನಾಲ್ಕನೇ ಜುವಾಂವ್ 1646ರಷ್ಟು ಹಿಂದೆಯೇ ಈ ಮಾತೆಯನ್ನು ತನ್ನ ರಾಜ್ಯದ ಪಾಲಕಿಯೆಂದು ಸಾರಿದ್ದ. ಅಲ್ಲಿಂದ ಪಣಜಿಯ ಬಿಳಿಯ ಚರ್ಚಿಗೆ, ಗೋವಾದವರ ಜೊತೆ ಪುಣೆಗೆ ಈ ರೂಪ ನಡೆದುಬಂತು. ಪ್ರತಿಮೆ ಮೊದಲು ಬಂದು, ಹಬ್ಬ ಬೆಳೆದು, ಸಿದ್ಧಾಂತ ಕೊನೆಗೆ ಬಂದ ಉದಾಹರಣೆ ಇದು. ಕಥೋಲಿಕ ಭಕ್ತಿಯಲ್ಲಿ ಹೀಗಾಗುವುದು ಅಪರೂಪವೇನಲ್ಲ.

ದಂಡಿನ ಪ್ರದೇಶದಲ್ಲಿರುವ ಸಂತ ಪ್ಯಾಟ್ರಿಕ್ಕರ ಪ್ರಧಾನಾಲಯಕ್ಕೆ ಐರ್ಲೆಂಡಿನ ಪಾಲಕ ಸಂತನ ಹೆಸರು ಬಂದಿರುವುದು ಅಲ್ಲಿದ್ದ ಐರಿಷ್ ಸಿಪಾಯಿಗಳಿಂದ. ಒಂದು ಚರ್ಚಿನ ಪೀಠದ ಮೇಲೆ ಯಾರ ಸ್ವರೂಪವಿದೆ ಎಂದು ನೋಡಿದರೆ ಅದನ್ನು ಕಟ್ಟಿದವರು ಯಾವ ದಿಕ್ಕಿನಿಂದ ಬಂದರೆಂದು ಬಹುಮಟ್ಟಿಗೆ ತಿಳಿಯುತ್ತದೆ.

ಗುರುತುಗಳ ಭಾಷೆ

ಸಂತರನ್ನು ಮುಖದಿಂದ ಗುರುತಿಸಲಾಗದು. ಅವರ ಕೈಯಲ್ಲಿರುವುದರಿಂದ ಗುರುತಿಸಬೇಕು. ಪೇತ್ರನಿಗೆ ಬೀಗದ ಕೈ, ಪೌಲನಿಗೆ ಕತ್ತಿ, ಲಾರೆನ್ಸನಿಗೆ ಅವನನ್ನು ಸುಟ್ಟ ಕಬ್ಬಿಣದ ಜಾಲರಿ, ಸೆಬಾಸ್ತಿಯನ್ನನಿಗೆ ಮೈಗೆ ನಾಟಿದ ಬಾಣಗಳು, ಅಂತೋಣಿಗೆ ಲಿಲಿ ಹೂವು ಮತ್ತು ತೋಳಿನಲ್ಲಿ ಬಾಲಯೇಸು. ಖರ್ಜೂರದ ಗರಿ ಹಿಡಿದವರೆಲ್ಲ ರಕ್ತಸಾಕ್ಷಿಗಳು. ಬಲಿಪೀಠದ ಬಟ್ಟೆಯ ಮೇಲೆ ಕಾಣುವ ಕುರಿಮರಿ ಯೇಸುವಿನ ಗುರುತು. ತನ್ನ ಎದೆಯನ್ನು ಕುಕ್ಕಿ ಮರಿಗಳಿಗೆ ರಕ್ತವುಣಿಸುವ ಪೆಲಿಕನ್ ಹಕ್ಕಿ ಪರಮಪ್ರಸಾದದ ಗುರುತು.

ಇಂಥ ಗುರುತುಗಳಿಂದಲೇ ಒಂದು ಜೀವನಚರಿತ್ರೆ ಹುಟ್ಟಿದ ಪ್ರಸಂಗವೊಂದು ಮೈಸೂರಿಗೆ ಸಂಬಂಧಿಸಿದೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಎಳೆಯ ಹುಡುಗಿಯ ಮೂಳೆಗಳು ಸಿಕ್ಕವು. ಸಮಾಧಿಯನ್ನು ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಲಗೆಗಳ ಮೇಲೆ ಲಂಗರು, ಬಾಣ, ಗರಿಯ ಚಿತ್ರಗಳಿದ್ದವು. ಅಕ್ಷರಗಳನ್ನು ಮರುಜೋಡಿಸಿದಾಗ ಫಿಲೋಮಿನಾ ಎಂಬ ಹೆಸರು ಹೊರಟಿತು. ಲಂಗರು ಕಟ್ಟಿ ನೀರಿಗೆಸೆದರು, ಬಾಣ ಬಿಟ್ಟರು ಎಂಬ ಕಥೆ ಆ ಚಿತ್ರಗಳಿಂದ ಬೆಳೆಯಿತು. ಆದರೆ ಆದಿ ಕ್ರೈಸ್ತರಲ್ಲಿ ಲಂಗರು ಭರವಸೆಯ ಸಾಮಾನ್ಯ ಗುರುತಾಗಿತ್ತು. ಚರಿತ್ರೆಯ ಆಧಾರ ಸಾಲದೆಂದು 1961ರಲ್ಲಿ ರೋಮ್ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಅಷ್ಟರಲ್ಲಿ ಮೈಸೂರಿನಲ್ಲಿ ಅವಳ ಹೆಸರಿನ ದೊಡ್ಡ ದೇವಾಲಯ ಎದ್ದಾಗಿತ್ತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದ್ದರು. ಅರಮನೆಯಲ್ಲಿ ಅಧಿಕಾರಿಯಾಗಿದ್ದ ತಂಬುಚೆಟ್ಟಿಯವರ ಮೂಲಕ ಬಂದ ಸಂತಳ ಅವಶೇಷವನ್ನು ನೆಲಮಾಳಿಗೆಯಲ್ಲಿಡಲಾಗಿತ್ತು. ಪಂಚಾಂಗದಿಂದ ಹೆಸರು ಹೋದ ಮಾತ್ರಕ್ಕೆ ಆ ನೆಲಮಾಳಿಗೆಗೆ ಇಳಿಯುವವರು ನಿಲ್ಲಲಿಲ್ಲ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ಭಕ್ತಿಯನ್ನು ಅರಿತವರಲ್ಲ. ಅಲ್ಲಿ ಮೊಣಕಾಲೂರುವವರಿಗೆ ಬೇಕಾದದ್ದು ಎಳೆಯ ವಯಸ್ಸಿನಲ್ಲೇ ಹಿಂಸೆಗೆ ಬಗ್ಗದೆ ನಿಂತ ಒಬ್ಬಳ ಆಸರೆ.

ಸೀರೆಯುಟ್ಟ ಮಾತೆ: ಎರಡು ಶಿವಾಜಿನಗರಗಳು

ಯುರೋಪಿನ ಮುಖವುಳ್ಳ ಮರಿಯಮ್ಮ ಈ ನೆಲದವಳಾದದ್ದು ಹೇಗೆ? ಈ ಪ್ರಶ್ನೆಗೆ ಪುಣೆಯ ಶಿವಾಜಿನಗರ ಒಂದು ಉತ್ತರ ಕೊಟ್ಟಿತು, ಬೆಂಗಳೂರಿನ ಶಿವಾಜಿನಗರ ಇನ್ನೊಂದನ್ನು ಕೊಟ್ಟಿತು.

ಗೋವಾದಲ್ಲಿ 1902ರಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೆಕ ಮುಂಬಯಿಯಲ್ಲಿ ವೈದ್ಯಕೀಯ ಓದನ್ನು ಬಿಟ್ಟು ಚಿತ್ರಕಲೆಗೆ ಬಂದವರು. ಶಾಂತಿನಿಕೇತನದಲ್ಲಿ ಬಂಗಾಳಿ ಪಂಥದ ಗುರುಗಳಿಂದ ಕಲಿತು, ಪುಣೆಯ ಶಿವಾಜಿನಗರದ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ನೆಲೆಸಿದರು. ಆಶ್ರಮ ಆಂಗ್ಲಿಕನ್ನರದು, ಚಿತ್ರಕಾರ ಕಥೋಲಿಕ. ಆ ಕಾಲಕ್ಕೆ ಇದೇ ದೊಡ್ಡ ಮಾತು. ಅವರ ಜಲವರ್ಣಗಳಲ್ಲಿ ಮರಿಯಮ್ಮ ಸೀರೆಯುಟ್ಟ ಕಂದುಮೈಯ ಹೆಣ್ಣು. ಸುತ್ತಲಿನವರ ಉಡುಗೆ ತೊಡುಗೆ, ಕೂರುವ ರೀತಿ ಎಲ್ಲ ಇಲ್ಲಿಯದೇ. ಗೋವಾದ ಕಥೋಲಿಕರಲ್ಲಿ ಅನೇಕರಿಗೆ ಇದು ಸಹ್ಯವಾಗಲಿಲ್ಲ. ದೇವಮಾತೆಯನ್ನು ಮನೆಗೆಲಸದ ಹೆಂಗಸಿನಂತೆ ಬಿಡಿಸಿದ್ದಾರೆಂಬ ಸಿಟ್ಟು ಫೊನ್ಸೆಕರನ್ನು ತಮ್ಮ ಊರಿನಿಂದ ದೂರ ಮಾಡಿತು. 1967ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಅವರ ಕೃತಿಗಳ ದೊಡ್ಡ ಸಂಗ್ರಹ ಈಗ ಗೋವಾದ ಝೇವಿಯರ್ ಇತಿಹಾಸ ಸಂಶೋಧನ ಕೇಂದ್ರದಲ್ಲಿದೆ.

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನ ಬೆಸಿಲಿಕಾದ ಕಥೆ ಬೇರೆ. ಬ್ಲ್ಯಾಕ್‌ಪಳ್ಳಿ ಎನಿಸಿಕೊಂಡಿದ್ದ ಆ ಜಾಗದಲ್ಲಿ 19ನೇ ಶತಮಾನದ ಆರಂಭದ ಚಿಕ್ಕ ಪ್ರಾರ್ಥನಾಲಯವಿತ್ತು. ಗಾಥಿಕ್ ಶೈಲಿಯ ಈಗಿನ ಕಟ್ಟಡಕ್ಕೆ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಯಾಯಿತು. ಕಟ್ಟಡ ಫ್ರಾನ್ಸಿನ ನೆನಪು ತರುತ್ತದೆ, ಒಳಗಿನ ಮಾತೆ ಸೀರೆಯುಟ್ಟಿದ್ದಾಳೆ. ಆಗಸ್ಟ್ 29ರಂದು ಧ್ವಜಾರೋಹಣವಾಗಿ, ನವೇನ ಎಂಬ ಒಂಬತ್ತು ದಿನಗಳ ಪ್ರಾರ್ಥನೆ ನಡೆದು, ಸೆಪ್ಟೆಂಬರ್ 8ರ ಸಂಜೆ ತೇರು ಹೊರಡುತ್ತದೆ. ಸೀರೆ, ಹೂಮಾಲೆ, ಮೇಣದ ಬತ್ತಿಗಳನ್ನು ಒಪ್ಪಿಸುವವರಲ್ಲಿ ಕನ್ನಡಿಗರು, ತಮಿಳರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. ಕಾವಿ ಬಣ್ಣದ ಬಟ್ಟೆಯುಟ್ಟು ವ್ರತದಿಂದ ಬರುವವರೂ ಬಹಳ. ಇಲ್ಲಿ ಸೀರೆಯ ಬಗ್ಗೆ ಯಾರಿಗೂ ತಕರಾರಿಲ್ಲ.

ಒಂದೇ ಸೀರೆ ಅಲ್ಲಿ ಅಪಚಾರ, ಇಲ್ಲಿ ಸಿಂಗಾರ ಆದದ್ದೇಕೆ? ಫೊನ್ಸೆಕರ ಸೀರೆ ಮರಿಯಮ್ಮ ಯಾರೆಂದು ಹೊಸದಾಗಿ ಹೇಳುತ್ತಿತ್ತು. ನೋಡುವವನು ಅದನ್ನು ಒಪ್ಪಬೇಕು, ಇಲ್ಲವೇ ಬಿಡಬೇಕು. ಬೆಂಗಳೂರಿನ ಸೀರೆ ಹರಕೆಯದು. ಮಗು ಹುಟ್ಟಿತೆಂದೋ ಜ್ವರ ಬಿಟ್ಟಿತೆಂದೋ ಕೊಟ್ಟ ಸೀರೆಯನ್ನು ತಾಯಿ ಉಟ್ಟಳು, ಅಷ್ಟೇ. ಅವಳ ಬಿಳಿ ಮುಖ ಬಿಳಿಯಾಗಿಯೇ ಉಳಿಯಿತು, ಯಾರ ಕಣ್ಣಿಗೂ ಅದು ಅಡ್ಡಬರಲಿಲ್ಲ. ಸ್ವರೂಪಕ್ಕೆ ಉಡಿಸುವ ಪದ್ಧತಿ ಕೇವಲ ದೇವಸ್ಥಾನಗಳಿಂದ ಬಂದದ್ದೆನ್ನುವುದೂ ಸರಿಯಲ್ಲ. ಸ್ಪೇನ್, ಪೋರ್ಚುಗಲ್ಲುಗಳಲ್ಲಿ ಉಡುಪು ತೊಡಿಸಲೆಂದೇ ಮಾಡಿದ ಸ್ವರೂಪಗಳಿದ್ದವು. 1628ರಲ್ಲಿ ಪ್ರಾಗಿನ ಕಾರ್ಮೆಲ್ ಮಠಕ್ಕೆ ಸೇರಿದ, ಒಂದೂವರೆ ಅಡಿಯ ಬಾಲಯೇಸುವಿಗೆ ಇಂದಿಗೂ ಋತುವಿಗೆ ತಕ್ಕ ಬಣ್ಣದ ನಿಲುವಂಗಿ ಬದಲಿಸುತ್ತಾರೆ. ಆ ಬಾಲಯೇಸುವೇ ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರಗಳಂದು ಜನಜಾತ್ರೆ ಸೇರಿಸುವುದು, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಜನವರಿಯ ಹಬ್ಬ ಮಾಡಿಸಿಕೊಳ್ಳುವುದು. ಎರಡು ದಿಕ್ಕಿನ ರೂಢಿಗಳು ಇಲ್ಲಿ ಸಲೀಸಾಗಿ ಕೂಡಿಕೊಂಡವು.

ಫೊನ್ಸೆಕರ ದಾರಿಯೂ ಮುಚ್ಚಿಹೋಗಲಿಲ್ಲ. ಪುಣೆಯ ಶನಿವಾರ ಪೇಠದಲ್ಲಿ ಸ್ನೇಹಸದನವನ್ನು ನಡೆಸಿದ ಜೆಸ್ವಿತ್ ಗುರು ಮ್ಯಾಥ್ಯೂ ಲೆಡರ್ಲೆ ಭಾರತದ ಕ್ರೈಸ್ತ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕ 1987ರಲ್ಲಿ ಹೊರಬಂತು. ಪುಣೆಯಲ್ಲೇ 1944ರಲ್ಲಿ ಹುಟ್ಟಿದ ಜ್ಯೋತಿ ಸಾಹಿ ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ಕಲಾ ಆಶ್ರಮ ಕಟ್ಟಿ ಬೀಜ, ಮರ, ನೀರು, ಜಾನಪದ ಆಕೃತಿಗಳ ಮೂಲಕ ಕ್ರೈಸ್ತ ಕಥೆಯನ್ನು ಚಿತ್ರಿಸಿದರು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಬೈಬಲ್, ಧರ್ಮಬೋಧೆ ಮತ್ತು ಪೂಜಾವಿಧಿಗಾಗಿರುವ ರಾಷ್ಟ್ರೀಯ ಎನ್‌ಬಿಸಿಎಲ್‌ಸಿ ಕೇಂದ್ರ, ಅದರ ನಿರ್ದೇಶಕ ಡಿ. ಎಸ್. ಅಮಲೋರ್‌ಪವದಾಸ್ ಅವರ ಮುಂದಾಳತ್ವದಲ್ಲಿ, ಪೂಜೆಯಲ್ಲಿ ಆರತಿ, ಎಣ್ಣೆದೀಪ, ಅಂಜಲಿ ಮುದ್ರೆ, ನೆಲದ ಮೇಲೆ ಕೂರುವುದನ್ನು ಬಳಕೆಗೆ ತಂದಿತು. 1969ರಲ್ಲಿ ರೋಮ್ ಇಂಥ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತ್ತು. ಇದಕ್ಕೆ ವಿರೋಧ ಎರಡು ಕಡೆಯಿಂದ ಬಂತು. ಹಳೆಯ ಪದ್ಧತಿಯವರಿಗೆ ಇದು ತೀರಾ ಹಿಂದೂ ಎನ್ನಿಸಿತು. ದಲಿತ ಕ್ರೈಸ್ತ ಚಿಂತಕರು ಕೇಳಿದ್ದು ಇನ್ನೂ ಮೊನಚಾದ ಪ್ರಶ್ನೆ: ಭಾರತೀಯವೆಂದು ಆರಿಸಿದ ಚಿಹ್ನೆಗಳೆಲ್ಲ ಮೇಲ್ಜಾತಿಯ ಗುಡಿಗಳಿಂದಲೇ ಏಕೆ ಬರಬೇಕು? ಆ ಪ್ರಶ್ನೆಗೆ ತೃಪ್ತಿಕರ ಉತ್ತರ ಇನ್ನೂ ಸಿಕ್ಕಿಲ್ಲ.

ನೆಲ ಆರಿಸಿಕೊಂಡ ಸಂತರು

ಕರ್ನಾಟಕದ ಹೆಸರಾಂತ ಕಥೋಲಿಕ ಕ್ಷೇತ್ರಗಳಲ್ಲಿ ಎರಡಕ್ಕೆ ಪುಟ್ಟ ಮರದ ಸ್ವರೂಪಗಳೇ ಮೂಲ. ಕಾರ್ಕಳ ಬಳಿಯ ಅತ್ತೂರಿನಲ್ಲಿ ಸಂತ ಲಾರೆನ್ಸರ ಚರ್ಚು 1759ರಲ್ಲಿ ಆರಂಭವಾಯಿತು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದು ಹಾಳಾಯಿತು. 1799ರ ನಂತರ ಮರಳಿದವರು ಹುಲ್ಲಿನ ಗುಡಿಸಿಲಿನಲ್ಲಿ ಪೂಜೆ ಮುಂದುವರಿಸಿದರು. ಹೊಸ ಚರ್ಚಿಗೆ ಜಾಗ ಹುಡುಕುತ್ತ ಗುರುಗಳು ಲಾರೆನ್ಸರ ಸ್ವರೂಪವನ್ನು ಹೊತ್ತು ನಡೆಯುವಾಗ, ಬುಗ್ಗೆಯೊಂದರ ಬಳಿ ಇಳಿಸಿದ್ದು ಮತ್ತೆ ಮೇಲೇಳಲಿಲ್ಲ ಎಂಬುದು ಸ್ಥಳಕಥೆ. ಆ ನೀರಿನ ನೆಲೆಯನ್ನು ಜನ ಪುಷ್ಕರಿಣಿ ಎನ್ನುತ್ತಾರೆ. ಜನವರಿಯ ಅತ್ತೂರು ಜಾತ್ರೆಗೆ ಮೇಣದ ಬತ್ತಿಯ ಹರಕೆ ಹೊತ್ತು ತುಳು, ಕನ್ನಡ, ಕೊಂಕಣಿ ಮಾತಿನ ಎಲ್ಲ ಮತದವರೂ ಬರುತ್ತಾರೆ. 2016ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು.

ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯ ಕಥೆಯಲ್ಲಿ ರೈತನೊಬ್ಬನ ನೇಗಿಲಿಗೆ ಮರದ ಗೊಂಬೆ ಸಿಗುತ್ತದೆ. ಮಕ್ಕಳು ಅದನ್ನು ಆಟಕ್ಕೆ ಹಿಡಿಯುತ್ತಾರೆ. ರೈತನ ಕನಸಿನಲ್ಲಿ ಸಂನ್ಯಾಸಿಯೊಬ್ಬ ಬಂದು ಗುಡಿ ಕಟ್ಟಲು ಹೇಳುತ್ತಾನೆ. ಅದು ಪಾದುವಾದ ಸಂತ ಅಂತೋಣಿಯವರ ಸ್ವರೂಪವೆಂದು ಆಮೇಲೆ ಗೊತ್ತಾಯಿತು. ಜೂನ್ 13ರ ಹಬ್ಬಕ್ಕೆ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ಸೇರುತ್ತವೆ. ಇದೂ ಈಗ ಬೆಸಿಲಿಕಾ.

ಹೊತ್ತದ್ದು ಏಳಲಿಲ್ಲ, ಉಳುವಾಗ ಸಿಕ್ಕಿತು, ಕನಸಿನಲ್ಲಿ ಬಂದು ಕೇಳಿತು ಎಂಬ ಈ ಮೂರೂ ಆಶಯಗಳು ಕನ್ನಡ ಗ್ರಾಮದೇವತೆಗಳ ಸ್ಥಳಪುರಾಣಗಳಲ್ಲಿ ಹೇರಳ. ಸ್ಪೇನಿನ, ಇಟಲಿಯ ಎಷ್ಟೋ ಮಾತೆಯರ ಕ್ಷೇತ್ರಗಳ ಕಥೆಗಳೂ ಹೀಗೆಯೇ ಇವೆ. ಹಾಗಾಗಿ ಇದನ್ನು ಯಾರಿಂದ ಯಾರು ಪಡೆದರೆಂಬ ಲೆಕ್ಕ ಹಾಕುವುದು ವ್ಯರ್ಥ. ಈ ಕಥೆಗಳು ಮಾಡುವ ಕೆಲಸ ದೊಡ್ಡದು. ಸಂತ ಬಂದದ್ದು ಹಡಗಿನಲ್ಲೋ ಪಾದ್ರಿಯ ಪೆಟ್ಟಿಗೆಯಲ್ಲೋ ಇರಬಹುದು, ಆದರೆ ಇಲ್ಲಿ ಉಳಿಯಲು ತೀರ್ಮಾನಿಸಿದವನು ಅವನೇ ಎಂದು ಅವು ಹೇಳುತ್ತವೆ. ಸೆರೆಯಿಂದ ಮರಳಿ ಬರಿಗೈಯಲ್ಲಿ ನಿಂತಿದ್ದ ಅತ್ತೂರಿನ ಜನಕ್ಕೆ, ಇದು ನಿಮ್ಮದೇ ನೆಲ ಎನ್ನುವ ಮಾತು ಆ ಸ್ವರೂಪದಿಂದ ಬರಬೇಕಾಗಿತ್ತು.

ತೆನೆ, ಬೂದಿ, ಗರಿ

ಸಂಕೇತಗಳೆಲ್ಲ ಕೆತ್ತಿದವೇ ಆಗಬೇಕಿಲ್ಲ. ಮಂಗಳೂರು ಸೀಮೆಯ ಕಥೋಲಿಕರ ಮೊಂತಿ ಹಬ್ಬ ಸೆಪ್ಟೆಂಬರ್ 8ರಂದು, ಮರಿಯಮ್ಮನ ಜನ್ಮದಿನ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗುರು ಜೊವಾಕಿಂ ಮಿರಾಂದಾ 1763ರಲ್ಲಿ ಇದನ್ನು ಆರಂಭಿಸಿದರೆಂದು ಪರಂಪರೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ತೊಟ್ಟಿಲ ಕೂಸಾದ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗದ್ದೆಯ ಮೊದಲ ತೆನೆಗೆ ಆಶೀರ್ವಾದವಾಗುತ್ತದೆ, ಮನೆಗೊಂದು ತೆನೆ. ಹೊಸ ಭತ್ತದ ಕಾಳನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಮೀನು ಮಾಂಸವಿಲ್ಲದ ಊಟ ಅಂದು, ಬಾಳೆಲೆಯ ಮೇಲೆ. ಮುಂಬಯಿ, ಪುಣೆ, ದುಬೈಗಳಲ್ಲಿ ನೆಲೆಸಿದವರಿಗೆ ಗದ್ದೆಯಿಲ್ಲ. ಅವರ ಚರ್ಚುಗಳಿಗೆ ತೆನೆಯನ್ನು ಊರಿನಿಂದ ತರಿಸುತ್ತಾರೆ. ಒಂದೆರಡು ಕಾಳು ಪಾಲಿಗೆ ಬಂದರೂ ಸಾಕು.

ವರ್ಷದ ಉಳಿದ ಕಾಲಕ್ಕೂ ಅದರದರ ವಸ್ತುವಿದೆ. ಗರಿಗಳ ಭಾನುವಾರ ಮನೆಗೆ ತಂದ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಮರುವರ್ಷ ಅದೇ ಗರಿಗಳನ್ನು ಸುಟ್ಟ ಬೂದಿ ತಪಸ್ಸು ಕಾಲದ ಮೊದಲ ಬುಧವಾರ ಹಣೆಗೆ ಬರುತ್ತದೆ. ಆ ಕಾಲದ ಕೊನೆಯ ವಾರಗಳಲ್ಲಿ ಹಲವು ಚರ್ಚುಗಳು ಸ್ವರೂಪಗಳಿಗೆ ನೇರಳೆ ಬಟ್ಟೆ ಮುಚ್ಚುತ್ತವೆ. ಕಣ್ಣಿಗೂ ಉಪವಾಸವಿರಲಿ ಎಂಬುದು ಇದರ ಭಾವ. ಕ್ರಿಸ್‌ಮಸ್ಸಿನ ಗೋದಲಿ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಇಟಲಿಯ ಹಳ್ಳಿಯಲ್ಲಿ ಜೀವಂತ ದನ ಕತ್ತೆಗಳೊಡನೆ ಮಾಡಿದ ಏರ್ಪಾಡಿನ ಸಂತಾನ.

ಮನೆಗಳಲ್ಲಿ ಮುಖ್ಯ ಚಿತ್ರ ಯೇಸುವಿನ ಪವಿತ್ರ ಹೃದಯದ್ದು. ಮುಳ್ಳು ಸುತ್ತಿದ, ಬೆಂಕಿಯುರಿಯುವ ಹೃದಯ. 1670ರ ದಶಕದಲ್ಲಿ ಫ್ರಾನ್ಸಿನ ಸಂನ್ಯಾಸಿನಿ ಮಾರ್ಗರೇಟ್ ಮೇರಿ ಕಂಡ ದರ್ಶನಗಳಿಂದ ಈ ರೂಪ ಜಗತ್ತಿಗೆಲ್ಲ ಹರಡಿತು. ಅದರ ಕೆಳಗೆ ಕೂತು ಸಂಜೆ ಜಪಮಾಲೆ ಹೇಳುವುದು ಕರಾವಳಿಯ ಮನೆಗಳ ರೂಢಿ. ಐದು ಹತ್ತುಗಳ ಆ ಮಾಲೆಗೆ ಐವತ್ತೊಂಬತ್ತು ಮಣಿ. ಬೆರಳು ಮಣಿಯ ಮೇಲೆ, ಬಾಯಿ ಪ್ರಾರ್ಥನೆಯ ಮೇಲೆ, ಮನಸ್ಸು ಯೇಸುವಿನ ಜೀವನದ ಒಂದೊಂದು ಘಟನೆಯ ಮೇಲೆ. ಗೋಡೆಯ ಚಿತ್ರ ಎದುರಿಗಿಲ್ಲದಾಗಲೂ ಒಳಗೊಂದು ಚಿತ್ರ ಬಿಡಿಸುವುದನ್ನು ಜಪಮಾಲೆ ಕಲಿಸುತ್ತದೆ.

ಗೋಡೆಯ ಚಿತ್ರಗಳು ಮತ್ತು ರಕ್ಷಣೆ

ಇಟಲಿಯ ಬೆರ್ಗಾಮೊ ಬಳಿ 1854ರಲ್ಲಿ ಹುಟ್ಟಿದ ಜೆಸ್ವಿತ್ ಸಹೋದರ ಆಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು, ಎರಡು ಮೂರು ವರ್ಷಗಳಲ್ಲಿ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಮಾಡುಗಳನ್ನು ತುಂಬಿದರು. ಹಸಿಗಾರೆಯ ಮೇಲಿನ ಚಿತ್ರಗಳೂ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳೂ ಅಲ್ಲಿವೆ. ಅಲೋಶಿಯಸ್ ಗೊನ್ಜಾಗರ ಬದುಕು, ಅಪೊಸ್ತಲರು, ಯೇಸುವಿನ ಜೀವನದ ದೃಶ್ಯಗಳು ಎಲ್ಲ ಇಟಲಿಯ ರೀತಿಯವೇ. ಇಲ್ಲಿಯ ಬಣ್ಣ ಹಚ್ಚುವ ಪ್ರಯತ್ನ ಅವುಗಳಲ್ಲಿಲ್ಲ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮಂಗಳೂರಿನ ಮಳೆ, ತೇವದಿಂದ ಕಂದಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಿಸಿದರು.

ಎಲ್ಲ ಪ್ರತಿಮೆಗಳಿಗೂ ಈ ಭಾಗ್ಯವಿಲ್ಲ. 1983ರ ಧರ್ಮಸಭಾ ಕಾನೂನು ಚರ್ಚುಗಳಲ್ಲಿ ಪ್ರತಿಮೆಗಳು ಮಿತ ಸಂಖ್ಯೆಯಲ್ಲಿ, ಸರಿಯಾದ ಕ್ರಮದಲ್ಲಿ ಇರಬೇಕೆನ್ನುತ್ತದೆ. ಹಳೆಯ, ಬೆಲೆಬಾಳುವ ಪ್ರತಿಮೆಗಳನ್ನು ದುರಸ್ತಿ ಮಾಡಬೇಕಾದರೆ ಧರ್ಮಾಧ್ಯಕ್ಷರ ಲಿಖಿತ ಅನುಮತಿ ಬೇಕು, ಅವರು ತಜ್ಞರನ್ನು ಕೇಳಿಯೇ ಅನುಮತಿ ಕೊಡಬೇಕು ಎಂಬ ನಿಯಮವೂ ಅದರಲ್ಲಿದೆ. ಊರಹಬ್ಬ ಹತ್ತಿರವಾದಾಗ ಈ ನಿಯಮ ನೆನಪಾಗುವುದು ಕಡಿಮೆ. ಮರದ ಹಳೆಯ ಕೆತ್ತನೆಯ ಮೇಲೆ ಎನಾಮಲ್ ಬಣ್ಣ ಬಳಿದರೆ ಬಟ್ಟೆಯ ನಿರಿಗೆ, ಕಣ್ಣಿನ ರೆಪ್ಪೆ, ಹಳೆಯ ಚಿನ್ನದ ಲೇಪ ಎಲ್ಲ ಮುಚ್ಚಿಹೋಗುತ್ತದೆ; ಹಲವು ಸಲ ಹಳೆಯದನ್ನು ಮೂಲೆಗಿಟ್ಟು ಫೈಬರಿನ ಹೊಸದನ್ನು ತರಲಾಗುತ್ತದೆ. ಭಕ್ತಿಯಿಂದಲೇ ನಡೆಯುವ ನಷ್ಟ ಇದು, ಹಾಗಾಗಿ ತಡೆಯುವುದೂ ಕಷ್ಟ. ಪುಣೆಯ, ಬೆಳಗಾವಿಯ, ಮೈಸೂರು ಸೀಮೆಯ ಹಳೆಯ ಚರ್ಚುಗಳ ಸ್ವರೂಪಗಳನ್ನು ಒಂದೊಂದಾಗಿ ನೋಡಿ, ಅವುಗಳ ಮರ, ಅಳತೆ, ಬಣ್ಣದ ಪದರ, ಅವುಗಳ ಬಗ್ಗೆ ಹಿರಿಯರು ಹೇಳುವ ಕಥೆಗಳನ್ನು ಬರೆದಿಡುವ ಕೆಲಸವನ್ನು ಧರ್ಮಪ್ರಾಂತ್ಯಗಳೂ ವಿಶ್ವವಿದ್ಯಾಲಯಗಳೂ ಜೊತೆಯಾಗಿ ಕೈಗೆತ್ತಿಕೊಳ್ಳಬೇಕಾಗಿದೆ. ಕಥೆ ಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು.